ಕೋರೆಯ ಸಿಡಿಮದ್ದು: ಅಪ್ಪಣೆಯ ಕಾಗದವನ್ನು ಓದುವವರು ಯಾರು?

ಗುಡ್ಡದ ಬದಿಯಲ್ಲಿ ಕಗ್ಗಲ್ಲಿನ ಕೋರೆ ತೆರೆಯುತ್ತದೆಂಬ ಸುದ್ದಿ ಹಬ್ಬಿದೊಡನೆ ಊರು ಎರಡು ಪಕ್ಷವಾಗುವುದು ನಮ್ಮ ಕಡೆ ಹೊಸತಲ್ಲ. ಕೂಲಿ ಸಿಗುತ್ತದೆ, ರಸ್ತೆಯಾಗುತ್ತದೆ ಎನ್ನುವವರು ಒಂದು ಕಡೆ. ಗೋಡೆ ಬಿರಿಯುತ್ತದೆ, ನೀರು ಬತ್ತುತ್ತದೆ ಎನ್ನುವವರು ಇನ್ನೊಂದು ಕಡೆ. ಈ ಗದ್ದಲದ ನಡುವೆ ಯಾರೂ ಕೇಳದ ಪ್ರಶ್ನೆಯೊಂದು ಉಳಿದುಬಿಡುತ್ತದೆ. ಬಂಡೆಗೆ ಮದ್ದು ಇಡಲು ಸರಕಾರ ಕೊಟ್ಟ ಅಪ್ಪಣೆಯ ಕಾಗದದಲ್ಲಿ ಏನೆಂದು ಬರೆದಿದೆ? ಆ ಕಾಗದವನ್ನು ಓದಿದವರು ಊರಲ್ಲಿ ಎಷ್ಟು ಮಂದಿ?

ಕಲ್ಲು ಬೇಡವೆನ್ನುವವರು ನಾವಲ್ಲ. ಮನೆಯ ಗೋಡೆಗೆ ಕೆಂಪುಕಲ್ಲು ಸಾಕಾದರೂ ತಾರಸಿಗೆ ಜಲ್ಲಿ ಬೇಕು. ತಲಪಾಡಿಯಿಂದ ತೆಂಕಣಕ್ಕೆ ರಾಷ್ಟ್ರೀಯ ಹೆದ್ದಾರಿ ಆರು ಪಥವಾಗಿ ಅಗಲವಾದುದೂ ಜಲ್ಲಿಯ ಬಲದಿಂದಲೇ. ಕೆಂಪುಕಲ್ಲನ್ನು ಯಂತ್ರದಿಂದ ಕೊಯ್ದು ತೆಗೆಯಬಹುದು. ಕಗ್ಗಲ್ಲಿಗೆ ಸಾಮಾನ್ಯವಾಗಿ ಮದ್ದೇ ಬೇಕು. ಕಾನೂನು ಬಿಗಿಯಾಗುವುದು ಮದ್ದು ಬಂದಲ್ಲಿ. 1952ರ ಗಣಿ ಕಾಯಿದೆಯು ಆರು ಮೀಟರಿಗಿಂತ ಆಳವಿಲ್ಲದ, 50ಕ್ಕಿಂತ ಹೆಚ್ಚು ಆಳುಗಳಿಲ್ಲದ ಸಣ್ಣ ಕೋರೆಗಳಿಗೆ ವಿನಾಯಿತಿ ಕೊಟ್ಟಿತ್ತು. ಆದರೆ ಸಿಡಿಮದ್ದು ಬಳಸಿದರೆ ಆ ವಿನಾಯಿತಿ ಇಲ್ಲವೆಂದು ಅದೇ ಕಾಯಿದೆ ಹೇಳಿತ್ತು. 2025ರ ನವೆಂಬರ್ 21ರಂದು ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಆ ಕಾಯಿದೆಯ ಜಾಗಕ್ಕೆ ಬಂದಿದೆ. ಹೆಸರು ಬದಲಾದರೂ ಈ ತತ್ತ್ವ ಸಡಿಲವಾಗಬಾರದು.

ಎಷ್ಟು ಬಾಗಿಲು, ಎಷ್ಟು ಕಾಗದ?

ಕೋರೆಗೆ ಒಂದೇ ಲೈಸೆನ್ಸ್ ಸಾಕೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಕಲ್ಲು ತೆಗೆಯಲು 2015ರ ಕೇರಳ ಕಿರು ಖನಿಜ ನಿಯಮಗಳ ಪ್ರಕಾರ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಅಥವಾ ಗುತ್ತಿಗೆ ಬೇಕು. ಪರಿಸರ ಅನುಮತಿ ಬೇರೆ. ಐದು ಹೆಕ್ಟೇರಿಗಿಂತ ಸಣ್ಣ ಕೋರೆಗೂ ಅದು ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿತು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಮತ್ತೊಂದು. 1994ರ ಪಂಚಾಯತ್ ರಾಜ್ ಕಾಯಿದೆಯ ಕೆಳಗೆ ಗ್ರಾಮ ಪಂಚಾಯತಿನ ಲೈಸೆನ್ಸ್ ಇನ್ನೊಂದು.

ಇವೆಲ್ಲ ಕೈಸೇರಿದರೂ ಒಂದು ತೋಟೆಯನ್ನು ಕೂಡ ಇಟ್ಟುಕೊಳ್ಳುವ ಹಕ್ಕು ಹುಟ್ಟುವುದಿಲ್ಲ. ಅದಕ್ಕೆ 1884ರ ಸ್ಫೋಟಕ ಕಾಯಿದೆ ಮತ್ತು 2008ರ ಸ್ಫೋಟಕ ನಿಯಮಗಳಿವೆ. ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಇದರ ಉಸ್ತುವಾರಿ ನೋಡುತ್ತದೆ. ಅದಕ್ಕೂ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಾದ ಕಲೆಕ್ಟರರು ಆಕ್ಷೇಪವಿಲ್ಲವೆಂಬ ಪತ್ರ ಕೊಡಬೇಕು. ಅರ್ಜಿದಾರನ ಪೂರ್ವಾಪರವೇನು, ಜಾಗ ನಿಜವಾಗಿ ಆತನ ವಶದಲ್ಲಿದೆಯೇ, ಸಾರ್ವಜನಿಕರ ಹಿತಕ್ಕೆ ಬಾಧೆಯುಂಟೇ ಎಂದು ವಿಚಾರಿಸಿದ ಮೇಲೆ ಕೊಡತಕ್ಕ ಪತ್ರವದು. ಮದ್ದನ್ನು ಸಿಡಿಸುವಾತನಿಗೂ ಪ್ರತ್ಯೇಕ ಪರ್ಮಿಟ್ ಇರಬೇಕು. ಎಷ್ಟು ಮದ್ದು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದಕ್ಕೆ ಲೆಕ್ಕದ ಪುಸ್ತಕವಿರಬೇಕು. ಸಾರ್ವಜನಿಕರ ಹಿತವನ್ನು ವಿಚಾರಿಸುವ ಆ ಘಟ್ಟದಲ್ಲಿಯೇ ನೆರೆಯವರು ಬಾಯಿ ತೆರೆಯಬೇಕು. ಸಾಮಾನ್ಯವಾಗಿ ನಾವು ಬಾಯಿ ತೆರೆಯುವುದು ಮೊದಲ ಸದ್ದು ಕೇಳಿದ ಮೇಲೆ.

ಐವತ್ತು ಮೀಟರ್, ಮುನ್ನೂರು ಮೀಟರ್

ಮನೆಗೂ ಕೋರೆಗೂ ಇರಬೇಕಾದ ಅಂತರದ ಕತೆ ಗಮನಿಸತಕ್ಕದ್ದು. ಕೇರಳದಲ್ಲಿ 100 ಮೀಟರ್ ಇದ್ದ ಅಂತರವನ್ನು 2017ರಲ್ಲಿ 50 ಮೀಟರಿಗೆ ಇಳಿಸಲಾಯಿತು. 2020ರ ಜುಲೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಭಿಪ್ರಾಯವನ್ನು ಆಧರಿಸಿ, ಮದ್ದಿಲ್ಲದ ಕೋರೆಗೆ 100 ಮೀಟರ್, ಮದ್ದಿಡುವ ಕೋರೆಗೆ 200 ಮೀಟರ್ ಎಂದಿತು. ವಿವಾದ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಹತ್ತಿತು.

ಕೋರ್ಟು ಕಚೇರಿಯ ಮಾತು ಹಾಗಿರಲಿ. ಈ ಅಂಕೆಗಳ ಪಕ್ಕದಲ್ಲಿ ಇನ್ನೊಂದು ಅಂಕೆಯನ್ನಿಟ್ಟು ನೋಡಬೇಕು. 1961ರ ಲೋಹ ಗಣಿಗಳ ನಿಬಂಧನೆಗಳು ಮದ್ದು ಸಿಡಿಯುವ ಜಾಗದ ಸುತ್ತ 300 ಮೀಟರನ್ನು ಅಪಾಯದ ವಲಯವೆಂದು ಕರೆದವು. ಸಿಡಿಸುವ ಮೊದಲು ಆ ವಲಯದಲ್ಲಿರುವ ಪ್ರತಿಯೊಬ್ಬರೂ ಮರೆಗೆ ಹೋಗಿರಬೇಕು. ಸಾರ್ವಜನಿಕ ರಸ್ತೆ ಹಾದುಹೋಗುತ್ತಿದ್ದರೆ ಎರಡೂ ಕಡೆ ಕಾವಲಿನವರು ನಿಲ್ಲಬೇಕು. ಬೇರೆಯವರ ಕಾಯಂ ಕಟ್ಟಡ ಆ ವಲಯದೊಳಗೆ ಇದ್ದರೆ ಒಮ್ಮೆಗೆ ಸಿಡಿಸುವ ಒಟ್ಟು ಮದ್ದು ಎರಡು ಕಿಲೋ ಮೀರಬಾರದು. ಮೀರಬೇಕಾದರೆ ಗಣಿ ಸುರಕ್ಷತಾ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಎರಡನ್ನೂ ಕೂಡಿಸಿ ಓದಿದರೆ ಅರ್ಥವೇನಾಯಿತು? ಕೋರೆಯಿಂದ 60 ಮೀಟರ್ ದೂರದ ಮನೆ ಒಂದು ಕಾನೂನಿನ ಲೆಕ್ಕದಲ್ಲಿ ಸುರಕ್ಷಿತ, ಇನ್ನೊಂದರ ಲೆಕ್ಕದಲ್ಲಿ ಅಪಾಯದ ವಲಯದ ನಟ್ಟನಡುವೆ. ಅಂಗಳದಲ್ಲಿ ಅಡಿಕೆ ಹರಡುವ ಅಜ್ಜಿಯೂ ಶಾಲೆಯಿಂದ ಮರಳುವ ಮಗುವೂ ಪ್ರತಿದಿನ ಯಾವುದೋ ಒಂದು ಗಳಿಗೆಯಲ್ಲಿ ಮಾಡಿನ ಕೆಳಗೆ ಓಡಬೇಕು. ಆ ಗಳಿಗೆ ಯಾವುದೆಂದು ಅವರಿಗೆ ತಿಳಿಸುವ ಹೊಣೆ ಕೋರೆಯವರದು. ಮದ್ದಿಡುವ ಹೊತ್ತನ್ನು ಬರೆದ ಫಲಕ, ಸೈರನ್, ಬಾವುಟ ಇವು ಉಪಕಾರಕ್ಕಾಗಿ ಮಾಡುವ ಕೆಲಸಗಳಲ್ಲ. ಇವಿಲ್ಲದಿದ್ದರೆ 50 ಮೀಟರಿನ ನಿಯಮಕ್ಕೆ ಅರ್ಥವೇ ಇಲ್ಲ.

ಪ್ರಾಣ ಹೋಗುವುದು ಎಲ್ಲಿ?

ಬಂಡೆ ಸಿಡಿಯುವ ಕ್ಷಣವೊಂದೇ ಅಪಾಯವೆಂದು ತಿಳಿದರೆ ಅದೂ ತಪ್ಪು. 2020ರ ಸೆಪ್ಟೆಂಬರಿನಲ್ಲಿ ಎರ್ನಾಕುಳಂ ಜಿಲ್ಲೆಯ ಮಲಯಾಟ್ಟೂರಿನಲ್ಲಿ ಕೋರೆಯ ಮದ್ದು ಇಟ್ಟಿದ್ದ ಕಟ್ಟಡ ಸಿಡಿದು ಅಲ್ಲಿ ತಂಗಿದ್ದ ಇಬ್ಬರು ಆಳುಗಳು ಸತ್ತರು. ಒಬ್ಬ ತಮಿಳುನಾಡಿನವ, ಇನ್ನೊಬ್ಬ ಕರ್ನಾಟಕದವ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ರಷರಿನ ಬಳಿ ಜಿಲೆಟಿನ್ ತುಂಬಿದ್ದ ಲಾರಿ ಸ್ಫೋಟಿಸಿತು. ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಆರು ಮಂದಿ ಸತ್ತರು. ಅಕ್ರಮ ಜಿಲೆಟಿನನ್ನು ಸಾಗಹಾಕಲು ಹೋದಾಗ ಹಾಗಾಯಿತೆಂದು ವರದಿಯಾಯಿತು. ಈ ಮೂರರಲ್ಲಿ ಒಂದೂ ಬಂಡೆಗೆ ಮದ್ದಿಟ್ಟಾಗ ಆದುದಲ್ಲ. ದಾಸ್ತಾನು, ಸಾಗಾಟ, ವಿಲೇವಾರಿ ಎಂಬ ಮೂರು ಮೂಲೆಗಳಲ್ಲಿ ಆದವು. ಕೋರೆಯ ಮುಖವನ್ನಷ್ಟೇ ನೋಡಿ ಬರುವ ತಪಾಸಣೆ ಅರ್ಧ ತಪಾಸಣೆ.

ದೂರದ ಮಾತೇಕೆ? 2024ರ ಅಕ್ಟೋಬರ್ 28ರ ರಾತ್ರಿ ನಮ್ಮದೇ ಜಿಲ್ಲೆಯ ನೀಲೇಶ್ವರದ ಕಾವಿನಲ್ಲಿ ತೆಯ್ಯಂ ನಡೆಯುತ್ತಿದ್ದಾಗ ಸುಡುಮದ್ದಿನ ದಾಸ್ತಾನಿಗೆ ಕಿಡಿ ತಗಲಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಹಲವರು ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಮದ್ದು ಹೊತ್ತಿಸುವ ಜಾಗದ ಬಳಿಯಲ್ಲೇ ದಾಸ್ತಾನು ಇತ್ತು, ಅನುಮತಿ ಪಡೆದಿರಲಿಲ್ಲ. ಕುಂಬಳೆಯ ಬೆಡಿ ನೋಡಿ ಬೆಳೆದ ನಮಗೆ ಮದ್ದಿನ ಸದ್ದು ಪರಕೀಯವಲ್ಲ. ಆ ಸಲಿಗೆಯಿಂದಲೇ ನಾವು ಕಾಗದ ಕೇಳುವುದನ್ನು ಮರೆಯುತ್ತೇವೆ.

ಪಟ್ಟಿಯಲ್ಲಿಲ್ಲದ ಸುರಂಗ

ಗೋಡೆ ಬಿರಿದಾಗ ಹಳೆಯ ಮನೆ, ತಾನಾಗಿ ಬಿರಿದದ್ದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದನ್ನು ಅಳೆಯಲು ಮಾನದಂಡವಿದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ ಸಾಮಾನ್ಯ ವಾಸದ ಮನೆಯ ಬಳಿ ನೆಲದ ಕಂಪನ, ಅದರ ಆವರ್ತನ ಸೆಕೆಂಡಿಗೆ 8ಕ್ಕಿಂತ ಕಡಿಮೆಯಿದ್ದಾಗ, ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. ಚಾರಿತ್ರಿಕ ಕಟ್ಟಡಗಳ ಬಳಿ 2 ಮೀರಬಾರದು. ಕಂಪನವು ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದಿನ ತೂಕವನ್ನೂ ದೂರವನ್ನೂ ಅವಲಂಬಿಸಿದೆ. ಕುಳಿಗಳನ್ನು ಕ್ಷಣಾಂಶದ ಅಂತರದಲ್ಲಿ ಒಂದಾದ ಮೇಲೊಂದರಂತೆ ಸಿಡಿಸಿದರೆ ಕಂಪನ ಇಳಿಯುತ್ತದೆ. ತಿಳಿದವರ ಕೈಯಲ್ಲಿ ಮದ್ದು ಇರಬೇಕೆಂದು ಕಾನೂನು ಹೇಳುವುದು ಇದಕ್ಕಾಗಿಯೇ.

ಆದರೆ ಆ ಪಟ್ಟಿಯಲ್ಲಿ ನಮ್ಮ ಸುರಂಗಗಳಿಗೆ ಸಾಲೇ ಇಲ್ಲ. ಪೈವಳಿಕೆ, ಬಾಯಾರು, ಎಣ್ಮಕಜೆಯ ಕಡೆ ಮನೆಮನೆಗೆ ನೀರುಣಿಸುವುದು ಕೆಂಪುಮಣ್ಣಿನ ಗುಡ್ಡದೊಳಗೆ ಒಬ್ಬಾಳು ನುಸುಳುವಷ್ಟೇ ಅಗಲಕ್ಕೆ ಕೊರೆದ ಈ ಸುರಂಗಗಳು. ಒಳಗೆ ಇಟ್ಟಿಗೆಯಿಲ್ಲ, ಸಿಮೆಂಟಿಲ್ಲ. ಮಣ್ಣೇ ಮಣ್ಣನ್ನು ಹೊತ್ತಿದೆ. ಒಂದು ಕಡೆ ಕುಸಿದರೆ ಒಂದು ಕುಟುಂಬದ ನೀರೂ ತೋಟವೂ ಹೋದಂತೆ. ಅಪ್ಪಣೆ ಕೊಡುವ ಮೊದಲು ಸುತ್ತಲಿನ ಮನೆ, ಬಾವಿಗಳ ಜೊತೆಗೆ ಸುರಂಗಗಳನ್ನೂ ಎಣಿಸಿ ನಕ್ಷೆಯಲ್ಲಿ ಗುರುತಿಸಬೇಕೆಂಬುದು ನಮ್ಮ ಆಗ್ರಹ. ಹೊರಗಿನಿಂದ ಬಂದ ಅಧಿಕಾರಿಗೆ ಸುರಂಗದ ಬಾಯಿ ಕಾಣಿಸದು, ತೋರಿಸಬೇಕಾದವರು ನಾವೇ.

ಕಾಗದದ ಭಾಷೆ

ಇಲ್ಲಿಗೆ ನಮ್ಮ ಮುಖ್ಯ ಮಾತು ಬಂತು. ಮೇಲೆ ಹೇಳಿದ ಕಾಗದಗಳಲ್ಲಿ ಕೇಂದ್ರದವು ಇಂಗ್ಲಿಷಿನಲ್ಲಿ, ರಾಜ್ಯದವು ಬಹುಮಟ್ಟಿಗೆ ಮಲಯಾಳದಲ್ಲಿ ಇರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಪಂಚಾಯತಿನ ಫಲಕದಲ್ಲಿ ಅಂಟಿಸಿದ ನೋಟೀಸು ಇದ್ದೂ ಇಲ್ಲದಂತೆ. ತಕರಾರಿನ ಅವಧಿ ಮುಗಿದ ಮೇಲೆ ಯಾರೋ ಓದಿ ಹೇಳುತ್ತಾರೆ. ಭಾಷೆಯ ಪ್ರಶ್ನೆಯೆಂದರೆ ಶಾಲೆ, ಉದ್ಯೋಗಗಳ ಪ್ರಶ್ನೆಯೆಂದಷ್ಟೇ ತಿಳಿದವರಿಗೆ ನಾವು ಹೇಳುವುದಿಷ್ಟು: ಇಲ್ಲಿ ಅದು ಜೀವದ ಪ್ರಶ್ನೆ.

ಕಾನೂನು ನಮ್ಮ ಪಕ್ಷದಲ್ಲಿದೆ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟು, ಇಲಾಖಾ ಮುಖ್ಯಸ್ಥರು ಹಾಗೂ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸಬಹುದೆಂದೂ ಉತ್ತರವೂ ಕನ್ನಡದಲ್ಲೇ ಬರಬೇಕೆಂದೂ ವಿಧಿಸಿತು. ಸಂವಿಧಾನದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ.

ಹಾಗಾದರೆ ಆಗಬೇಕಾದುದೇನು? ಕೋರೆಯ ಅರ್ಜಿಯ ಸುಳಿವು ಸಿಕ್ಕಿದೊಡನೆ ಕಲೆಕ್ಟರರಿಗೂ ಪಂಚಾಯತಿಗೂ ಕನ್ನಡದಲ್ಲಿ ಬರೆದು, ಷರತ್ತುಗಳ ಪ್ರತಿಯನ್ನು ಕನ್ನಡದಲ್ಲಿ ಕೇಳಬೇಕು. ಮನೆ, ಬಾವಿ, ಸುರಂಗ, ಶಾಲೆಗಳ ದೂರವನ್ನು ನಾವೇ ಹಗ್ಗ ಹಿಡಿದು ಅಳೆದು ಅರ್ಜಿಯಲ್ಲಿ ಕಾಣಿಸಬೇಕು. ಗೋಡೆಗಳ ಈಗಿನ ಸ್ಥಿತಿಯ ಫೋಟೋಗಳನ್ನು ತಾರೀಕು ಸಮೇತ ತೆಗೆದಿಡಬೇಕು. ಆಮೇಲೆ ಬಿರುಕು ಬಿಟ್ಟರೆ ಅದೇ ಸಾಕ್ಷಿ. ಎಚ್ಚರಿಕೆಯ ಫಲಕ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕೆಂದು ಪಂಚಾಯತು ಸದಸ್ಯರು ಲೈಸೆನ್ಸಿನ ಷರತ್ತಿನಲ್ಲೇ ಸೇರಿಸಬೇಕು. ಇದರಲ್ಲಿ ಮಲಯಾಳಿ ನೆರೆಯವರು ನಮ್ಮ ಎದುರಾಳಿಗಳಲ್ಲ. ಸಿಡಿದ ಕಲ್ಲು ಭಾಷೆ ಕೇಳಿ ಬೀಳುವುದಿಲ್ಲ. ಒಂದೇ ಅರ್ಜಿಗೆ ಎರಡೂ ಭಾಷೆಯವರು ಸಹಿ ಹಾಕಿದರೆ ಅದರ ತೂಕವೇ ಬೇರೆ.

ಕೋರೆಯ ಮಾಲಿಕರಿಗೂ ಇದರಿಂದ ನಷ್ಟವಿಲ್ಲ. ಷರತ್ತುಗಳನ್ನು ಪಾಲಿಸುವವರು ಅದನ್ನು ಊರವರ ಮುಂದಿಡಲು ಅಂಜಬೇಕಾಗಿಲ್ಲ. ಅಂಜುವವರಿದ್ದರೆ ಆ ಕಾಗದವನ್ನು ನಾವು ಇನ್ನಷ್ಟು ಬೇಗ ಓದಬೇಕಾಗಿದೆ.