ಕಪ್ಪು ಅಂಗಿಯನ್ನು ನೋಡಿದೆವು, ಮಗನನ್ನು ನೋಡಲಿಲ್ಲ

ಎರಡು ರಮಝಾನ್ ಈದ್‌ಗಳು ಕಳೆದವು. ಹಾರೂಗೇರಿಯ ಒಂದು ಮನೆಯಲ್ಲಿ ತಾಯಿ ಶೀರ್‌ಖುರ್ಮಾ ಮಾಡಿ, ಮಗನ ಪಾಲನ್ನು ಬೇರೆ ಬಟ್ಟಲಿನಲ್ಲಿ ತೆಗೆದಿಟ್ಟು ದಾರಿ ಕಾಯ್ದರು. ಮಗ ಬರಲಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆ ಯುವಕ ಒಂದು ಕಾಲದಲ್ಲಿ ನಮ್ಮ ಮುಂದೆ ಕುಳಿತು ಕುರ್‌ಆನ್ ಓದಲು ಕಲಿತವನು. ಅವನು ಬಾರದಿರುವುದಕ್ಕೆ ಅವನ ತಂದೆಯಷ್ಟೇ ನಾವೂ ಕಾರಣರು. ಆದುದರಿಂದಲೇ ಈ ಲೇಖನ.

ನಡೆದದ್ದು ಇಷ್ಟು. ರಜೆಗೆ ಬಂದಿದ್ದ ಅವನ ಚೀಲದಲ್ಲಿ ಭೀಕರ ಚಿತ್ರವಿದ್ದ ಕಪ್ಪು ಟಿ-ಶರ್ಟೊಂದು ತಂದೆಯ ಕಣ್ಣಿಗೆ ಬಿತ್ತು. ಮಗ ಬೆಂಗಳೂರಿನ ‘ಕ್ರಿಪ್ಟೋಸ್’ ಎಂಬ ಹೆವಿ ಮೆಟಲ್ ತಂಡದ ಕಟ್ಟಾ ಅಭಿಮಾನಿ ಎಂಬುದು ಆಗ ತಿಳಿಯಿತು. ತಂದೆ ಅಂಗಿ ಹಿಡಿದು ನೇರವಾಗಿ ನಮ್ಮ ಬಳಿಗೆ ಬಂದು, “ನೋಡಿ ಹಜರತ್, ಶೈತಾನನ ಬೆನ್ನು ಹತ್ತಿದ್ದಾನೆ” ಎಂದರು. ನಾವು ಅಂಗಿಯನ್ನು ನೋಡಿದೆವು. ಹುಡುಗನನ್ನು ಕರೆಸಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಇಂಥದ್ದು ಮನೆಯಲ್ಲಿರಬಾರದು” ಎಂದುಬಿಟ್ಟೆವು. ಅಂದು ಸಂಜೆ ಅಂಗಿ ಒಲೆ ಸೇರಿತು. ಮರುದಿನ ಹುಡುಗ ರಾಯಬಾಗದಲ್ಲಿ ರೈಲು ಹತ್ತಿದ.

ಇತ್ತೀಚೆಗೆ ಬೆಂಗಳೂರಿಗೆ ಹೋದಾಗ ಅವನನ್ನು ಭೇಟಿಯಾದೆವು. ಅಂದು ಕೇಳಬೇಕಾಗಿದ್ದುದನ್ನು ಈಗ ಕೇಳಿದೆವು: “ಅದರಲ್ಲಿ ಏನಿದೆ, ಮಗಾ?”

ಅವನು ತಾಳ್ಮೆಯಿಂದ ವಿವರಿಸಿದ. ಕ್ರಿಪ್ಟೋಸ್ ಆರಂಭವಾದದ್ದು 1998ರಲ್ಲಿ. ಹೆಸರು ಗ್ರೀಕ್ ಪದ, ‘ಗುಪ್ತ’ ಎಂದರ್ಥ. ಗಾಯಕ ಹಾಗೂ ಗಿಟಾರ್ ವಾದಕ ನೋಲನ್ ಲೂಯಿಸ್ ಮೊದಲಿನಿಂದಲೂ ತಂಡದಲ್ಲಿದ್ದಾರೆ. 2004ರ ‘ಸ್ಪೈರಲ್ ಅಸೆಂಟ್’ನಿಂದ 2024ರ ‘ಡೆಸಿಮೇಟರ್’ವರೆಗೆ ಏಳು ಆಲ್ಬಮ್‌ಗಳು ಬಂದಿವೆ. ನಮ್ಮ ದೇಶದಲ್ಲಿ ಈ ಬಗೆಯ ಸಂಗೀತದಿಂದ ಹೊಟ್ಟೆ ತುಂಬುವುದು ಕಷ್ಟ. ಸಿನಿಮಾ ಹಾಡಿನ ಮಾರುಕಟ್ಟೆ ಇದಕ್ಕಿಲ್ಲ. ಆದರೂ ಅವರು ಎಂಬತ್ತರ ದಶಕದ ಹೆವಿ ಮೆಟಲ್ ಶೈಲಿಯನ್ನೇ ಹಿಡಿದು ನಡೆದರು. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿಯೂ ನುಡಿಸಿದರು. ವಾಕೆನ್ ನಮ್ಮ ಹಾರೂಗೇರಿಗಿಂತಲೂ ಬಹಳ ಚಿಕ್ಕದಾದ ಒಂದು ಹಳ್ಳಿ.

ಆದರೆ ಅವನ ಮನಸ್ಸನ್ನು ಹಿಡಿದದ್ದು ಇದಷ್ಟೇ ಅಲ್ಲ. “ಹಜರತ್, ಬೆಂಗಳೂರಿಗೆ ಬಂದ ಹೊಸದರಲ್ಲಿ ಬಾಡಿಗೆ ಕೋಣೆ ಹುಡುಕಿದೆ. ನನ್ನ ಹೆಸರು ಕೇಳಿದ ಮೇಲೆ ಕೋಣೆ ಖಾಲಿ ಇಲ್ಲ ಎಂದವರೇ ಹೆಚ್ಚು. ಆ ಕಾರ್ಯಕ್ರಮದಲ್ಲಿ ಯಾರೂ ನನ್ನ ಹೆಸರು ಕೇಳಲಿಲ್ಲ. ಜನ ನೂಕಾಡಿ ಕುಣಿಯುತ್ತಾರೆ, ನಿಜ. ಆದರೆ ಒಬ್ಬ ಬಿದ್ದರೆ ಸುತ್ತಲಿನವರೆಲ್ಲ ನಿಂತು ಅವನನ್ನು ಎತ್ತುತ್ತಾರೆ. ಅದು ಅಲ್ಲಿಯ ಕಟ್ಟಳೆ” ಎಂದ.

ಈ ಮಾತು ನಮ್ಮನ್ನು ಇಂದಿಗೂ ಕಾಡುತ್ತಿದೆ. ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದನ್ನು, ಬಿದ್ದವನನ್ನು ಎತ್ತುವುದನ್ನು ಜಗತ್ತಿಗೆ ಕಲಿಸಬೇಕಾದವರು ನಾವು. ಆ ನಗರದಲ್ಲಿ ಅವನು ಶುಕ್ರವಾರಗಳಂದು ಯಾವುದೋ ಮಸೀದಿಯ ಸಫ್‌ನಲ್ಲಿ ನಿಂತು ಸಲಾಮ್ ಹೇಳಿ ಹೊರಬಂದಾಗ, ಎಲ್ಲಿ ಇದ್ದೀಯ, ಊಟ ಆಯಿತೇ ಎಂದು ಕೇಳಿದವರಾರು? ಊರಿನಿಂದ ನಾವಾದರೂ ಒಮ್ಮೆ ಫೋನ್ ಮಾಡಿದೆವೇ?

ಹಾಗಾದರೆ ಸಂಗೀತದ ವಿಧಿಯೇನು ಎಂದು ಓದುಗರು ಕೇಳಬಹುದು. ನಾವು ಇಲ್ಲಿ ಫತ್ವಾ ಕೊಡುತ್ತಿಲ್ಲ. ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ವಾದ್ಯಸಂಗೀತವನ್ನು ಒಪ್ಪಿಲ್ಲ. ಆಂದಲೂಸಿನ ಇಬ್ನ್ ಹಝ್ಮ್ ನಿಷೇಧದ ಹದೀಸ್‌ಗಳನ್ನು ದುರ್ಬಲವೆಂದು ಪರಿಗಣಿಸಿದರು. ಇಮಾಮ್ ಗಝ್ಝಾಲಿಯವರು ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಈ ವಿಷಯಕ್ಕಾಗಿಯೇ ದೀರ್ಘ ಅಧ್ಯಾಯವನ್ನು ಬರೆದರು. ನಮ್ಮ ಮನಸ್ಸು ಎಚ್ಚರಿಕೆಯ ಪಕ್ಷದಲ್ಲಿಯೇ ಇದೆ. ಆದರೆ ವಿದ್ವಾಂಸರು ಶತಮಾನಗಳ ಕಾಲ ಚರ್ಚಿಸಿದ ವಿಷಯವನ್ನು ನಾವು ಒಂದು ಅಂಗಿ ನೋಡಿ ಒಂದು ವಾಕ್ಯದಲ್ಲಿ ಮುಗಿಸಿದೆವು. ಅದು ಎಚ್ಚರಿಕೆಯಲ್ಲ, ಅವಸರ.

ಹಝ್ರತ್ ಆಯಿಶಾ(ರ)ರ ಮನೆಯಲ್ಲಿ ಈದ್ ದಿನ ಇಬ್ಬರು ಬಾಲೆಯರು ಹಾಡುತ್ತಿದ್ದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಹಝ್ರತ್ ಅಬೂಬಕ್ಕರ್(ರ) ಅದನ್ನು ಕಂಡು, ಪ್ರವಾದಿ(ಸ)ರ ಮನೆಯಲ್ಲಿ ಶೈತಾನನ ವಾದ್ಯವೇ ಎಂದು ಗದರಿದರು. ಪ್ರವಾದಿ(ಸ)ರು, ಇಂದು ಈದ್, ಅವರನ್ನು ಬಿಟ್ಟುಬಿಡಿ ಎಂಬರ್ಥದಲ್ಲಿ ಅವರನ್ನು ತಡೆದರು. ಈ ಪ್ರಸಂಗ ಎಲ್ಲ ಸಂಗೀತಕ್ಕೂ ಪರವಾನಗಿಯಲ್ಲ ಎಂದು ವಿದ್ವಾಂಸರು ಹೇಳಿದ್ದಾರೆ; ನಾವೂ ಹಾಗೆ ಹೇಳುತ್ತಿಲ್ಲ. ಆದರೆ ಕೋಪಕ್ಕಿಂತ ಮೊದಲು ಕರುಣೆ ಮಾತನಾಡಬೇಕೆಂಬ ಪಾಠ ಅದರಲ್ಲಿದೆ.

ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕು. ನಮ್ಮ ಮದುವೆ ಮೆರವಣಿಗೆಗಳಲ್ಲಿ ಡಿಜೆ ಪೆಟ್ಟಿಗೆಗಳು ಗೋಡೆ ನಡುಗಿಸುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮವಿದೆ. ಪಕ್ಕದ ಮನೆಯಲ್ಲಿ ರೋಗಿಯಿದ್ದಾರೆ, ಪರೀಕ್ಷೆಗೆ ಓದುವ ಮಗುವಿದೆ. ಅಲ್ಲಿ ನಾವು ಬಿರಿಯಾನಿ ಉಂಡು ಸುಮ್ಮನೆ ಬರುತ್ತೇವೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಯಾರಿಗೂ ತೊಂದರೆ ಕೊಡದ ಹುಡುಗನ ಅಂಗಿಯನ್ನು ಮಾತ್ರ ಸುಡುತ್ತೇವೆ. ನಮ್ಮನ್ನು ಕಾಡಿದ್ದು ಧರ್ಮದ ಚಿಂತೆಯೋ, ನೆರೆಹೊರೆಯವರ ಎದುರಿನ ನಾಚಿಕೆಯೋ?

ನಾದಪ್ರೇಮ ನಮ್ಮ ಸೀಮೆಗೆ ಪರದೇಶದ ರೋಗವೂ ಅಲ್ಲ. ಗಡಿಯಾಚೆಯ ಮೀರಜನ್ನು ನೋಡಿರಿ. ಆಯುಧ ಮಸೆಯುತ್ತಿದ್ದ ಶಿಕಲಗಾರ ಮುಸ್ಲಿಮ್ ಮನೆತನಗಳು 19ನೆಯ ಶತಮಾನದಲ್ಲಿ ಸಿತಾರ್, ತಂಬೂರಿಗಳ ತಯಾರಿಗೆ ತಿರುಗಿದವು. 1937ರಲ್ಲಿ ನಿಧನರಾದ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಸಮಾಧಿ ಅಲ್ಲಿಯ ದರ್ಗಾದ ಆವರಣದಲ್ಲಿದೆ. ದೂರದ ಇಂಡೋನೇಷ್ಯಾದಲ್ಲಿ ಮೂವರು ಹಿಜಾಬ್‌ಧಾರಿ ಹೆಣ್ಣುಮಕ್ಕಳು 2014ರಲ್ಲಿ ‘ವಾಯ್ಸ್ ಆಫ್ ಬಾಚೆಪ್ರೊಟ್’ ಎಂಬ ಮೆಟಲ್ ತಂಡವನ್ನು ಕಟ್ಟಿದರು. 2022ರಲ್ಲಿ ಅದೇ ವಾಕೆನ್‌ನಲ್ಲಿ ನುಡಿಸಿದರು. ಅವರ ಕೈಗೆ ಗಿಟಾರ್ ಕೊಟ್ಟವರು ಅವರ ಮದ್ರಸಾ ಶಾಲೆಯ ಶಿಕ್ಷಕರು. ಆ ಶಿಕ್ಷಕರ ದಾರಿ ನಮ್ಮದಲ್ಲ. ಆದರೆ ತಮ್ಮ ಮಕ್ಕಳ ಮನಸ್ಸಿನಲ್ಲಿ ಏನಿದೆಯೆಂಬುದು ಅವರಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ.

ಯುವಕನಿಗೂ ನಾವು ಒಂದು ಮಾತು ಹೇಳಿದೆವು. ನಮಾಝ್ ಹೇಗೆ ನಡೆದಿದೆ ಎಂದು ಕೇಳಿದಾಗ, “ಕಾರ್ಯಕ್ರಮ ತಡವಾದ ರಾತ್ರಿ ಫಜ್ರ್ ತಪ್ಪುತ್ತದೆ ಹಜರತ್, ಸುಳ್ಳು ಹೇಳಲಾರೆ” ಎಂದು ತಲೆ ತಗ್ಗಿಸಿದ. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. “ಲಾಭವಿಲ್ಲದಿದ್ದರೂ ಇಪ್ಪತ್ತೈದು ವರ್ಷಗಳಿಗೂ ಮೀರಿ ತಾವು ಹಿಡಿದದ್ದನ್ನು ಬಿಡದವರನ್ನು ಮೆಚ್ಚಿದ್ದೀಯ. ಆ ಛಲದ ಒಂದು ಪಾಲು ನಿನ್ನ ಫಜ್ರ್‌ಗೆ ಕೊಡು. ಒಂದು ಪ್ರೀತಿ ನಮಾಝನ್ನೂ ತಾಯಿಯನ್ನೂ ನಿನ್ನಿಂದ ದೂರ ಮಾಡಿದರೆ, ಅದು ಅಳತೆ ಮೀರಿದೆಯೆಂದು ತಿಳಿ” ಎಂದೆವು. ಅವನು ವಾದಿಸಲಿಲ್ಲ. ಮೊದಲು ಅವನ ಮಾತನ್ನು ಕೇಳಿದ್ದೆವು. ಆದ್ದರಿಂದ ನಮ್ಮ ಮಾತಿಗೂ ಅಲ್ಲಿ ಸ್ಥಳ ಸಿಕ್ಕಿತು.

ಊರಿಗೆ ಮರಳಿ ಆ ತಂದೆಯ ಮನೆಗೆ ಹೋದೆವು. “ಅಂದು ನಾವು ತಪ್ಪಿದೆವು” ಎಂದು ಅವರ ಪತ್ನಿಯ ಎದುರಿನಲ್ಲಿಯೇ ಒಪ್ಪಿಕೊಂಡೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಚಹಾ ಆರಿಹೋಯಿತು. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು: “ಹಜರತ್, ಆ ಅಂಗಿಗೆ ಎಷ್ಟು ಕೊಟ್ಟಿದ್ದನಂತೆ?”

ಬೆಲೆ ನಮಗೆ ತಿಳಿದಿರಲಿಲ್ಲ. “ನೀವೇ ಫೋನ್ ಮಾಡಿ ಕೇಳಿರಿ” ಎಂದು ಹೇಳಿ ಎದ್ದು ಬಂದೆವು.

ಅಲ್ಲಾಹನು ನಮ್ಮ ಮಕ್ಕಳ ಹೃದಯಗಳನ್ನು ಸನ್ಮಾರ್ಗದಲ್ಲಿ ನೆಲೆಗೊಳಿಸಲಿ. ತೀರ್ಪು ಕೊಡುವ ಮುನ್ನ ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮಗೂ ಅನುಗ್ರಹಿಸಲಿ. ಆಮೀನ್.