ನರ್ಸಮ್ಮನಿಗೆ ಕೊಡುವ ಮನೆ ಎಲ್ಲಿರಬೇಕು?

ತೋಟದಿಂದ ನಿವೃತ್ತನಾಗುವ ಕಾರ್ಮಿಕನ ಕೈಗೆ ಬರುವ ಗ್ರಾಚುಯಿಟಿ ಎಷ್ಟೆಂಬುದು ನಮ್ಮ ಓದುಗರಿಗೆ ಗೊತ್ತಿದೆ. 1972ರ ಕಾಯಿದೆಯಿಂದ ನಡೆದುಬಂದ ಲೆಕ್ಕದಂತೆ, ಸೇವೆಯ ಒಂದು ವರ್ಷಕ್ಕೆ 15 ದಿನದ ಕೂಲಿ. ದಿನಗೂಲಿ 450 ರೂಪಾಯಿ, ಸೇವೆ 30 ವರ್ಷ ಎಂದಿಟ್ಟುಕೊಂಡರೆ 2,02,500 ರೂಪಾಯಿ. ಪ್ರಾವಿಡೆಂಟ್ ಫಂಡ್ ಬೇರೆ. ಗಂಡ ಹೆಂಡತಿ ಇಬ್ಬರೂ ಸೊಪ್ಪು ಕಿತ್ತವರಾದರೆ ಇನ್ನಷ್ಟು. ಆ ಹಣ ಬಂದಾಗಲೇ ಲೈನ್ ಮನೆಯನ್ನು ಬಿಟ್ಟುಕೊಡುವ ಕಾಲವೂ ಬರುತ್ತದೆ. ಆದುದರಿಂದ ಅದನ್ನು ಎಲ್ಲಿ ಹೂಡುತ್ತೇವೆ ಎಂಬುದು ಸಣ್ಣ ಮಾತಲ್ಲ.

ಈಚೆಗೆ ಒಂದಿಬ್ಬರು ನಮ್ಮಲ್ಲಿ ಬಂದು ಹೊಸದೊಂದು ಯೋಚನೆ ಹೇಳಿದರು. ಊಟಿಯ ಸರ್ಕಾರಿ ಮೆಡಿಕಲ್ ಕಾಲೇಜಿನ 700 ಹಾಸಿಗೆಯ ಆಸ್ಪತ್ರೆ 2025ರ ಏಪ್ರಿಲ್ 6ರಂದು ತೆರೆಯಿತು. ಬಯಲುಸೀಮೆಯಿಂದ ನರ್ಸುಗಳು ಒಂದು ಪೆಟ್ಟಿಗೆ ಹಿಡಿದು ಬರುತ್ತಾರೆ. ಎಷ್ಟು ದಿನ ಇರುತ್ತಾರೋ ಅವರಿಗೇ ತಿಳಿಯದು. ಮಂಚ, ಕಂಬಳಿ, ಗ್ಯಾಸ್ ಒಲೆ, ಕುಕ್ಕರ್ ಎಲ್ಲ ಇಟ್ಟು ಸಾಮಾನು ಸಮೇತ ಒಂದು ಸಣ್ಣ ಮನೆ ಬಾಡಿಗೆಗೆ ಕೊಟ್ಟರೆ ಹೇಗೆ? ಯೋಚನೆ ಒಳ್ಳೆಯದೇ. ಆದರೆ ಅವರು ಸಾಮಾನಿನ ಪಟ್ಟಿ ಮೊದಲು ಮಾಡಿದ್ದರು, ಜಾಗವನ್ನು ಆಮೇಲೆ ನೋಡುವುದೆಂದಿದ್ದರು. ಇದು ತಿರುಗುಮುರುಗು. ಮಂಚವನ್ನು ಬದಲಾಯಿಸಬಹುದು, ಜಾಗವನ್ನು ಬದಲಾಯಿಸಲಾಗದು.

ಅಮೆರಿಕದಲ್ಲಿ ಇದು ದೊಡ್ಡ ವ್ಯಾಪಾರ. ಅಲ್ಲಿ ಊರೂರು ತಿರುಗಿ ದುಡಿಯುವ ನರ್ಸುಗಳಿದ್ದಾರೆ. ಒಂದು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 13 ವಾರದ ಒಪ್ಪಂದ. ಅವರಿಗೆಂದೇ ಸಾಮಾನು ಸಮೇತ ಮನೆ ಇಡುವವರು, ಒಂದೇ ಆಸ್ಪತ್ರೆಯನ್ನು ನಂಬದೆ, ಎರಡು ಮೂರು ಆಸ್ಪತ್ರೆಗಳಿಗೆ ಹೋಗಿಬರಲು ಅನುಕೂಲವಾದ ಜಾಗ ಹುಡುಕುತ್ತಾರೆ. ಕೊರೊನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ಇಂಥ ನರ್ಸುಗಳ ಸಂಬಳ ಬಹಳ ಏರಿತ್ತು. 2022ರಿಂದ ಬೇಡಿಕೆ ಇಳಿಯಿತು. ಏರಿದ ಕಾಲದ ಲೆಕ್ಕ ಹಾಕಿ ಸಾಲ ಮಾಡಿದವನಿಗೆ ಇಳಿದ ಕಾಲದಲ್ಲಿ ಕಷ್ಟ.

ನಮ್ಮಲ್ಲಿ ಆಸ್ಪತ್ರೆಯೇ ಜಾಗ ಬದಲಾಯಿಸಿತು. ಊಟಿ ಪಟ್ಟಣದ ಹಳೆಯ ಜಿಲ್ಲಾ ಆಸ್ಪತ್ರೆಯ ಬಳಿ ಕೋಣೆ ಕಟ್ಟಿದವರು ಈಗ ಗೂಡಲೂರು ರಸ್ತೆಯ ಕಡೆಗೆ ನೋಡಬೇಕಾಗಿದೆ. ಹಾಗೆಂದು ಹೊಸ ಆಸ್ಪತ್ರೆಯ ಗೇಟಿನ ಎದುರೇ ಜಾಗ ಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿ ಬೆಲೆಯೂ ಏರಿರುತ್ತದೆ. ಬಸ್ಸು ಬಿಡದೆ ಓಡಾಡುವ ರಸ್ತೆಗೆ ಹತ್ತಿರವಿದ್ದರೆ ಸಾಕು. ನರ್ಸು ಸಿಗದ ತಿಂಗಳು ಶಾಲೆಯ ಟೀಚರಮ್ಮ ಬಂದಾಳು.

ರಸ್ತೆಯಿಂದ ಮನೆಗೆ ಎಷ್ಟು ದೂರ, ಆ ದಾರಿ ಎಂಥದು ಎಂಬುದೇ ಮುಖ್ಯ. ಡ್ಯೂಟಿ ಮುಗಿಸಿದ ಹೆಣ್ಣುಮಗಳು ಕತ್ತಲಲ್ಲಿ ಬಸ್ಸಿನಿಂದ ಇಳಿಯುತ್ತಾಳೆ. ಟೀ ಗಿಡಗಳ ನಡುವಿನ ಕಾಲುದಾರಿ ನಮಗೆ ಅಂಗಳವಿದ್ದಂತೆ, ಅವಳಿಗಲ್ಲ. ಕರಡಿ, ಕಾಟಿ ಅಡ್ಡ ಬರುವ ದಾರಿ ಎಂಬುದನ್ನು ಮನೆ ತೋರಿಸುವಾಗ ಯಾರೂ ಹೇಳುವುದಿಲ್ಲ. ದೀಪದ ಕಂಬವಿಲ್ಲದ ಜಾಗ ಅಗ್ಗಕ್ಕೆ ಸಿಗುತ್ತದೆ. ಆ ಅಗ್ಗದ ಬೆಲೆಯನ್ನು ಅವಳು ದಿನವೂ ತೆರಬೇಕಾಗುತ್ತದೆ. ರಾತ್ರಿ ಡ್ಯೂಟಿ ಮಾಡಿದವಳು ಹಗಲು ಮಲಗಬೇಕೆಂಬುದನ್ನೂ ಮರೆಯಬಾರದು. ಮರದ ಮಿಲ್ಲು, ಕಲ್ಯಾಣ ಮಂಟಪ, ಧ್ವನಿವರ್ಧಕ ಇವುಗಳ ಪಕ್ಕ ಬೇಡ. ನಮ್ಮ ಗುಡಿಯ ಧ್ವನಿವರ್ಧಕವನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಇನ್ನು ಮಣ್ಣು. 2009ರ ನವೆಂಬರಿನಲ್ಲಿ ನೀಲಗಿರಿಯ ಗುಡ್ಡಗಳು ಜಾರಿ 40ಕ್ಕೂ ಹೆಚ್ಚು ಮಂದಿ ಸತ್ತರು. ಕೇತಿಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ಬಿದ್ದಿತ್ತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ತೋಟದ ಪಾಡಿಗಳು ಮಲಗಿದ್ದವರೊಂದಿಗೆ ಕೊಚ್ಚಿಹೋದುದನ್ನು ನಾವು ಯಾರೂ ಮರೆತಿಲ್ಲ. ಆ ಪಾಡಿ ಎಲ್ಲಿರಬೇಕೆಂದು ಅಲ್ಲಿ ಮಲಗುವವನನ್ನು ಯಾರೂ ಕೇಳಿರಲಿಲ್ಲ. ಈಗ ನಾವು ಇನ್ನೊಬ್ಬರ ತಲೆಯ ಮೇಲಿನ ಸೂರಿನ ಜಾಗ ಆರಿಸುವವರಾಗಿದ್ದೇವೆ. ಗುಡ್ಡ ಕಡಿದು ಸಮ ಮಾಡಿದ ಜಾಗ, ಹಳ್ಳದ ಬಾಯಿ, ಮೇಲಿನ ನೀರು ಇಳಿಯುವ ಓಣಿ ಇವು ಎಷ್ಟೇ ಅಗ್ಗವಾದರೂ ಬೇಡ. ಗೂಡಲೂರಿನ ಕಡೆಯವರು 17ನೇ ಸೆಕ್ಷನ್ನಿನ ಜಾಗಕ್ಕೆ ಮುಂಗಡ ಕೊಡಲೇಬೇಡಿ. ಪಟ್ಟಾ ಇಲ್ಲದ ನೆಲದ ಸಂಕಟ ನಿಮಗೆ ಹೇಳಬೇಕಾಗಿಲ್ಲ.

ಬಾಡಿಗೆಯ ಮಾತು. ತಮಿಳುನಾಡು ಸರ್ಕಾರ 2015ರಲ್ಲಿ ನರ್ಸುಗಳನ್ನು ಒಪ್ಪಂದದ ಮೇಲೆ ತೆಗೆದುಕೊಂಡಾಗ ತಿಂಗಳಿಗೆ ಕೊಟ್ಟದ್ದು 7,700 ರೂಪಾಯಿ. ಮುಂದೆ ಅದು 18,000ಕ್ಕೆ ಏರಿತು. ಅದರಲ್ಲೇ ಊರಿಗೂ ಕಳಿಸುವ ಹುಡುಗಿಯಿಂದ 8,000 ಬಾಡಿಗೆ ಕೇಳುವುದು ನ್ಯಾಯವಲ್ಲ, ನಡೆಯುವುದೂ ಇಲ್ಲ. ಆದುದರಿಂದ ಜಾಗದ ಬೆಲೆ ಆ ಸಂಬಳಕ್ಕೆ ಹೊಂದುವಂತಿರಬೇಕು. ಕೆರೆ ಕಾಣುವ ಜಾಗ ಕೊಂಡವನು ಮೇ ತಿಂಗಳ ಸೀಸನ್ನಿನಲ್ಲಿ ಪ್ರವಾಸಿಗಳ ಹಣ ಕಂಡು ನರ್ಸನ್ನು ಎಬ್ಬಿಸಿಯೇ ಎಬ್ಬಿಸುತ್ತಾನೆ. ಮನೆ ಬಿಡಿಸಿಕೊಳ್ಳುವುದು ಎಂದರೇನೆಂದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮನ್ನು ಕೇಳಿದವರಲ್ಲಿ ಒಬ್ಬರು ಎರಡು ಜಾಗ ನೋಡಿಟ್ಟಿದ್ದಾರೆ. ಒಂದರಿಂದ ಕಣಿವೆಯೆಲ್ಲ ಕಾಣುತ್ತದೆ, ಆದರೆ ಬಸ್ಸಿನಿಂದ ಇಪ್ಪತ್ತು ನಿಮಿಷದ ಇಳಿಜಾರು. ಇನ್ನೊಂದರ ಎದುರು ರೇಷನ್ ಅಂಗಡಿ, ಪಕ್ಕದಲ್ಲಿ ಮನೆಗಳು, ನೋಟವೇನೂ ಇಲ್ಲ. ನಮ್ಮ ಮತ ಎರಡನೆಯದಕ್ಕೆ. ಮುಂಗಡ ಕೊಡುವ ಮುನ್ನ ಮಳೆ ಹಿಡಿದಿರುವ ಒಂದು ರಾತ್ರಿ, ಎಂಟು ಗಂಟೆಯ ಮೇಲೆ, ಬಸ್ ಸ್ಟಾಪಿನಿಂದ ಆ ಮನೆಯವರೆಗೆ ಮಗಳನ್ನು ಕರೆದುಕೊಂಡು ನಡೆದು ನೋಡಿರೆಂದು ಅವರಿಗೆ ಹೇಳಿ ಕಳಿಸಿದ್ದೇವೆ.