ಕಡತದೊಳಗಣ ನುಸಿ

ಕಲಬುರಗಿ ಸೀಮೆಯು ತೊಗರಿಗೆ ಹೆಸರಾದುದು. ಕೀಟವು ಕಾಳಿನ ಮೇಲೆ ಮೊಟ್ಟೆಯಿಡುತ್ತದೆ. ಮರಿಯು ಒಳಹೊಕ್ಕು ತಿರುಳನ್ನು ತಿನ್ನುತ್ತದೆ. ಹೊರಗಿನಿಂದ ಕಾಳು ಇಡಿಯಾಗಿಯೇ ಕಾಣುತ್ತದೆ. ನೀರಿಗೆ ಹಾಕಿದರೆ ಪೊಳ್ಳು ಕಾಳು ತೇಲುವುದು ನಿಜ. ಆದರೆ ಆಗತಾನೆ ಹುಳು ಹೊಕ್ಕ ಕಾಳು ಮುಳುಗಿಯೇ ಇರಬಹುದು. ಗಣಕಯಂತ್ರದ ಕಡತಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವ ಕಡಗಂಚಿಯಂತಹ ಊರಿನಲ್ಲಿಯೂ ಇಂದು ಅರ್ಜಿ, ಸುತ್ತೋಲೆ, ಪಾಠದ ಟಿಪ್ಪಣಿಗಳು ವರ್ಡ್ ಅಥವಾ ಪಿಡಿಎಫ್ ಕಡತಗಳಾಗಿಯೇ ವಿದ್ಯಾರ್ಥಿಗಳ ಕೈಸೇರುತ್ತವೆ. ಅವನ್ನು ನಾವು ಹಾಳೆಗಳೆಂದು ಭಾವಿಸುತ್ತೇವೆ. ವಾಸ್ತವವಾಗಿ ಅವು ಪೆಟ್ಟಿಗೆಗಳು. ಈಗಿನ ವರ್ಡ್ ಕಡತವು ಹಲವು ಕಡತಗಳ ಒಂದು ಜಿಪ್ ಕಟ್ಟು. ಅದರ ಕೆಲವು ಬಗೆಗಳಲ್ಲಿ ಬರಹ, ಚಿತ್ರಗಳೊಡನೆ ‘ಮ್ಯಾಕ್ರೋ’ ಎಂಬ ಆಜ್ಞೆಗಳ ಸರಣಿಯೂ ಇರಬಹುದು. ಪಿಡಿಎಫ್‌ನಲ್ಲಿಯೂ ಜಾವಾಸ್ಕ್ರಿಪ್ಟ್ ಭಾಷೆಯ ಆಜ್ಞೆಗಳನ್ನು ಅಡಗಿಸಿಡಬಹುದು. ಓದುಗನು ಪತ್ರವನ್ನು ತೆರೆದರೆ, ಪತ್ರವು ಯಂತ್ರವನ್ನು ಆಳತೊಡಗುತ್ತದೆ!

ಇದು ಬರಿಯ ಊಹೆಯಲ್ಲ. 1995ರಲ್ಲಿ ‘ಕಾನ್ಸೆಪ್ಟ್’ ಎಂಬ ಮ್ಯಾಕ್ರೋ ವೈರಸ್ ವರ್ಡ್ ಕಡತಗಳ ಮೂಲಕ ಹರಡಿತು. 1999ರ ಮಾರ್ಚ್‌ನಲ್ಲಿ ಬಂದ ‘ಮೆಲಿಸ್ಸಾ’ ತನ್ನನ್ನು ತೆರೆದವರ ವಿಳಾಸಪಟ್ಟಿಯಿಂದ ಮೊದಲ 50 ವಿಳಾಸಗಳಿಗೆ ತಾನೇ ಅಂಚೆಯಾಗಿ ಹೋಯಿತು.

ಇದನ್ನು ಕಂಡುಹಿಡಿಯುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು, ಕಡತವನ್ನು ಚಾಲನೆಗೊಳಿಸದೆ ಬಿಚ್ಚಿ ನೋಡುವುದು: ಒಳಗೆ ಮ್ಯಾಕ್ರೋ ಇದೆಯೇ, ತೆರೆದೊಡನೆ ತಾನೇ ನಡೆಯುವ ಆಜ್ಞೆಯಿದೆಯೇ, ಹಿಂದೆ ಸಿಕ್ಕಿಬಿದ್ದ ದುಷ್ಟ ಕಡತಗಳ ಗುರುತುಗಳಿವೆಯೇ ಎಂಬ ಪರೀಕ್ಷೆ. ಎರಡನೆಯದು, ಹೊರಜಗತ್ತಿನ ಸಂಪರ್ಕವಿಲ್ಲದ ಕೃತಕ ಯಂತ್ರದಲ್ಲಿ ಅದನ್ನು ತೆರೆದು, ಅದರ ವರ್ತನೆಯನ್ನು ಗಮನಿಸುವುದು. ಆದರೆ ಹೊಸ ವೇಷ ತೊಟ್ಟ ಆಜ್ಞೆಯು ಹಳೆಯ ಗುರುತುಗಳಿಗೆ ಸಿಕ್ಕದು. ಜಾಣ ಆಜ್ಞೆಯು ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದು ಸುಮ್ಮನಿದ್ದುಬಿಡುವುದೂ ಉಂಟು.

ಉತ್ತಮ ಉಪಕರಣ ಬಂದರೆ ಈ ಕೊರತೆ ನೀಗುವುದೆಂಬ ಭರವಸೆಯೂ ನಿಲ್ಲದು. ಯಾವುದೇ ಕ್ರಮವಿಧಿಯು ವೈರಸ್ ಹೌದೋ ಅಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ತಪ್ಪಿಲ್ಲದೆ ಹೇಳಬಲ್ಲ ವಿಧಾನವು ಅಸಾಧ್ಯವೆಂದು ಫ್ರೆಡ್ ಕೋಹೆನ್ 1980ರ ದಶಕದಲ್ಲಿಯೇ ತೋರಿಸಿದರು. ಶಾಶ್ವತ ಚಲನಯಂತ್ರದಂತೆ, ಪರಿಪೂರ್ಣ ಶೋಧಕವೂ ಕೈಗೂಡದ ಕನಸು.

ಆದುದರಿಂದ ಶೋಧನೆಯೊಂದನ್ನೇ ನಂಬಿ ಕೂಡುವುದು ವಿವೇಕವಲ್ಲ. ಕಡತದ ಅಧಿಕಾರವನ್ನೇ ಮೊಟಕುಮಾಡಬೇಕೆಂಬುದು ನನ್ನ ಅಭಿಪ್ರಾಯ. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯು ತಾನಾಗಿಯೇ ತಡೆಹಿಡಿಯತೊಡಗಿದುದು 2022ರಲ್ಲಿ, ‘ಕಾನ್ಸೆಪ್ಟ್’ ಬಂದ 27 ವರ್ಷಗಳ ತರುವಾಯ. ಅದೇ ವರ್ಷ ಮ್ಯಾಕ್ರೋದ ನೆರವಿಲ್ಲದೆಯೂ ವರ್ಡ್ ಕಡತದಿಂದ ದಾಳಿ ನಡೆಸುವ ‘ಫೋಲಿನಾ’ ದೋಷ ಬಯಲಾಯಿತು. ಎಚ್ಚರಕ್ಕೆ ಬಿಡುವಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಲೆಕ್ಕಪತ್ರದ ಕೆಲಸಕ್ಕೆ ಮ್ಯಾಕ್ರೋ ಬೇಕೆಂದು ಕೆಲವರು ಹೇಳಬಹುದು. ಬೇಕಾದಲ್ಲಿ ಇರಲಿ, ಅದು ಕಚೇರಿಯ ಗೋಡೆಯೊಳಗಿರಲಿ. ಸಾರ್ವಜನಿಕರಿಗೆ ಕಳುಹಿಸುವ ಸೂಚನೆಯಲ್ಲಿ ಆಜ್ಞೆಗಳಿಗೆ ಎಡೆಯೇ ಇರಬಾರದು. ನಮ್ಮ ಶಾಲೆ ಕಾಲೇಜುಗಳು ವರ್ಷಕ್ಕೊಂದು ಗಂಟೆಯನ್ನು ಮೀಸಲಿಟ್ಟು, ನಿರಪಾಯವಾದ ಒಂದು ಕಡತವನ್ನು ಬಿಚ್ಚಿ ಅದರ ಅಂಗಾಂಗಗಳನ್ನು ವಿದ್ಯಾರ್ಥಿಗಳಿಗೆ ತೋರಿಸಲಿ. ಕಪ್ಪೆಯ ಅಂಗರಚನೆಯನ್ನು ಅರಿತ ಹುಡುಗನು ಪ್ರತಿದಿನ ತೆರೆಯುವ ಕಡತದ ಅಂಗರಚನೆಯನ್ನು ಅರಿಯದಿರುವುದು ಶೋಭೆಯಲ್ಲ. ಅಪರಿಚಿತ ಪತ್ರವು ‘ಆಜ್ಞೆಗಳನ್ನು ಸಕ್ರಿಯಗೊಳಿಸಿ’ ಎಂದು ಬೇಡಿದಾಗ, ಓದಲು ಬಂದ ಪತ್ರಕ್ಕೆ ಆಜ್ಞೆಯ ಅಗತ್ಯವೇನೆಂದು ಅಂಥವನು ತಾನಾಗಿಯೇ ಕೇಳುವನು.